ಫೌಂಡೇಶನ್ ರಬ್ಬರ್

ನನ್ನ ಕಾರಿನ ಗೇರ್ ಲಿವರ್‌ಗೆ ದರ್ಶನ ಬರಲು ಶುರುವಾಗಿ ಆರು ತಿಂಗಳಾಗಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ಕೋಲದ ದಿನ ಪಾತ್ರಿ ನಡುಗಿದ ಹಾಗೆ ಗಡಗಡ ನಡುಗುತ್ತಿತ್ತು. ಹಸಿರು ದೀಪ ಬಿದ್ದು ಕ್ಲಚ್ ಬಿಟ್ಟರೆ ಕೆಳಗಿನಿಂದ 'ಢಕ್' ಅಂತ ಒಂದು ಏಟು. ಹೆಂಡತಿ ಮೊದಮೊದಲು "ಏನದು?" ಅಂತ ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟು ಬಸ್ಸಿನಲ್ಲಿ ಓಡಾಡಲು ಶುರುಮಾಡಿದಳು.

ಕಾರು 1972ರ ಎಂಜಿಬಿ. ಎರಡೇ ಸೀಟು, ಬಟ್ಟೆಯ ಟಾಪು, ನಾಲ್ಕು ಸಿಲಿಂಡರಿನ 1798 ಸಿಸಿ ಇಂಜಿನ್. ಊರಲ್ಲಿ ಎಂಜಿ ಅಂದ ಕೂಡಲೇ "ಓ, ಹೆಕ್ಟರಾ?" ಅನ್ನುತ್ತಾರೆ. ಅಲ್ಲ ಮಾರಾಯ್ರೇ, ಇದು ಹಳೇ ಎಂಜಿ, ಮಾರಿಸ್ ಗ್ಯಾರೇಜಸ್‌ನದು. ಇಂಗ್ಲೆಂಡಿನಲ್ಲಿ ನಾವಿರುವಲ್ಲಿಂದ ಅರ್ಧ ಗಂಟೆ ದೂರದ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ಇಂಥ ಐದು ಲಕ್ಷಕ್ಕೂ ಜಾಸ್ತಿ ಕಾರು ತಯಾರಾದವು. ಆಮೇಲೆ ಕಾರ್ಖಾನೆಗೆ ಬೀಗ ಬಿತ್ತು. ನಲವತ್ತು ವರ್ಷ ದಾಟಿದ ಕಾರಿಗೆ ಈ ದೇಶದಲ್ಲಿ ರಸ್ತೆ ತೆರಿಗೆ ಇಲ್ಲ, ವರ್ಷಕ್ಕೊಮ್ಮೆಯ ತಪಾಸಣೆಯೂ ಕಡ್ಡಾಯವಲ್ಲ. ಹಾಗಾಗಿ ಅದರ ರೋಗ ಕಂಡುಹಿಡಿಯುವ ಕೆಲಸ ಪೂರ್ತಿ ನನ್ನದೇ.

ರೋಗ ಏನೆಂದು ಗೊತ್ತಿಲ್ಲದೆ ಇರಲಿಲ್ಲ. ಇಂಜಿನ್ ಮೌಂಟು. ಸುಳ್ಯದ ಗ್ಯಾರೇಜುಗಳಲ್ಲಿ ಇದಕ್ಕೆ ಫೌಂಡೇಶನ್ ಅನ್ನುತ್ತಾರೆ. "ಫೌಂಡೇಶನ್ ಹೋಗಿದೆ ಸಾರ್" ಅಂದರೆ ಮನೆ ಕಟ್ಟಿಸಿದವನ ಎದೆ ಧಸಕ್ ಅನ್ನಬೇಕು. ನೋಡಿದರೆ ಅಂಗೈಯಗಲದ ಎರಡು ರಬ್ಬರ್ ತುಂಡು. ಒಂದೂವರೆ ಕ್ವಿಂಟಾಲ್ ಆಸುಪಾಸಿನ ಇಂಜಿನ್ನಿನ ಮುಂಭಾಗ ಕೂತಿರುವುದು ಅವುಗಳ ಮೇಲೆ.

ಬರೀ ಭಾರ ಹೊರುವುದಾದರೆ ಕಬ್ಬಿಣವೇ ಸಾಕಿತ್ತು. ಆದರೆ ಸುಮ್ನೆ ನಿಂತ ಕಾರಿನಲ್ಲೂ, ನಿಮಿಷಕ್ಕೆ 800 ಸುತ್ತು ಅಂತಿಟ್ಟುಕೊಂಡರೆ, ಇಂಜಿನ್ ಒಳಗೆ ಸೆಕೆಂಡಿಗೆ ಇಪ್ಪತ್ತಾರು, ಇಪ್ಪತ್ತೇಳು ಸ್ಫೋಟ ಆಗುತ್ತವೆ. ಆ ಅಷ್ಟೂ ಗುದ್ದು ಕಾರಿನ ಮೈಗೆ, ಸೀಟಿಗೆ, ನಮ್ಮ ಬೆನ್ನಿಗೆ ಬರದ ಹಾಗೆ ನಡುವೆ ಕೂತು ನುಂಗಿಕೊಳ್ಳುವುದು ರಬ್ಬರ್. ಇಂಜಿನ್ನನ್ನು ಚಾಸಿಗೆ ನೇರವಾಗಿ ಬೋಲ್ಟ್ ಮಾಡಿ, ಹಲ್ಲು ಕಚ್ಚಿಕೊಂಡು ಓಡಿಸಿದ ಕಾಲವೂ ಇತ್ತು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ಇಂಜಿನ್ನನ್ನು ರಬ್ಬರಿನ ಮೇಲೆ ತೂಗಲು ಬಿಟ್ಟು ಅದಕ್ಕೆ 'ತೇಲುವ ಶಕ್ತಿ' ಅಂತ ಹೆಸರಿಟ್ಟಿತು. ಫ್ರಾನ್ಸಿನ ಸಿಟ್ರೋಯೆನ್ ಅದರ ಹಕ್ಕು ಪಡೆದು ಕಾರಿನ ಮೂತಿಗೊಂದು ಹಂಸದ ಚಿತ್ರ ಹಾಕಿಕೊಂಡಿತು. ರಬ್ಬರ್ ತುಂಡಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೊಂದೇ ಸಲ ಇರಬೇಕು.

ಒಂದು ಶನಿವಾರ ಇಂಜಿನ್ನಿನ ತಳಕ್ಕೆ ಹಲಗೆ ತುಂಡು ಕೊಟ್ಟು ಜಾಕ್ ಏರಿಸಿದೆ. ಹಲಗೆ ಇಲ್ಲದಿದ್ದರೆ ಆಯಿಲ್ ಸಂಪು ಜಜ್ಜಿಹೋಗುತ್ತದೆ. ಎಡಗಡೆಯದು ಅರ್ಧ ಗಂಟೆಯಲ್ಲಿ ಬಂತು. ಬಲಗಡೆಯದು? ಮಧ್ಯಾಹ್ನದ ಊಟವನ್ನೇ ತಿಂದಿತು. ಸ್ಟೀರಿಂಗ್ ರಾಡು ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಕೈ ಹಾಕಿದರೆ ಸ್ಪ್ಯಾನರ್ ಹೋಗುವುದಿಲ್ಲ, ಸ್ಪ್ಯಾನರ್ ಹಾಕಿದರೆ ಕಣ್ಣಿಗೆ ಕಾಣುವುದಿಲ್ಲ. ಕಣ್ಣು ಮುಚ್ಚಿಕೊಂಡೇ ನಟ್ಟನ್ನು ಹನ್ನೆರಡನೇ ಒಂದು ಸುತ್ತು, ಮತ್ತೆ ಅಷ್ಟೇ ಇನ್ನೊಂದು ಅಂತ ತಿರುಗಿಸಿದೆ.

ಹೊರಬಂದ ತುಂಡನ್ನು ಬೆಳಕಿಗೆ ಹಿಡಿದೆ. ಎಣ್ಣೆ ಕುಡಿದ ಬನ್ಸಿನ ಹಾಗೆ ಉಬ್ಬಿ ಮೆತ್ತಗಾಗಿತ್ತು. ಉಗುರು ಒತ್ತಿದರೆ ಗುರುತು ಹಾಗೇ ಉಳಿಯಿತು. ಒಂದು ಅಂಚಿನಲ್ಲಿ ರಬ್ಬರ್ ಲೋಹದ ಪಟ್ಟಿಯಿಂದ ಬಿಟ್ಟು, ಅಟ್ಟೆ ಕಿತ್ತ ಚಪ್ಪಲಿಯ ಹಾಗೆ ಬಾಯ್ತೆರೆದಿತ್ತು. ನೈಸರ್ಗಿಕ ರಬ್ಬರಿಗೂ ಇಂಜಿನ್ ಆಯಿಲಿಗೂ ಆಗಿಬರುವುದಿಲ್ಲ. ಆಯಿಲ್ ಫಿಲ್ಟರ್ ಇರುವುದೂ ಬಲಗಡೆಯೇ. ಪ್ರತಿಸಲ ಫಿಲ್ಟರ್ ಬಿಚ್ಚುವಾಗ ಅರ್ಧ ಲೋಟ ಆಯಿಲ್ ಚೆಲ್ಲಿ, "ಒರೆಸಿದರಾಯಿತು" ಅಂದುಕೊಂಡವನು ನಾನೇ ಅಲ್ವಾ? ಒರೆಸಿದ ನೆನಪಿಲ್ಲ. ಹಾಗಂತ ಪೂರ್ತಿ ತಪ್ಪು ನನ್ನದಲ್ಲ. ಇಂಟರ್ನೆಟ್ಟಿನ ಯಾವುದೋ ಅಂಗಡಿಯಿಂದ ಅಗ್ಗಕ್ಕೆ ತರಿಸಿದ ಮಾಲು ಅದು, ಎರಡು ವರ್ಷವೂ ಬಾಳಲಿಲ್ಲ.

ಈ ಸಲ ಪಾಲಿಯುರೆಥೇನಿನದು ಹಾಕು, ಜನ್ಮಕ್ಕೂ ಹಾಳಾಗಲ್ಲ ಅಂತ ಒಬ್ಬ ಗೆಳೆಯ ಹೇಳಿದ. ರೇಸಿಗೆ ಹೋಗುವವರಿಗೆ ಅದು ಸರಿ. ಗಟ್ಟಿ ಇದ್ದಷ್ಟೂ ನಡುಕ ನುಂಗುವುದು ಕಮ್ಮಿ. ಹೆಂಡತಿಯನ್ನು ಬಸ್ಸಿನಿಂದ ಇಳಿಸುವುದಕ್ಕೆ ಹೊರಟವನು ಅದನ್ನು ಹಾಕಲಾಗುತ್ತದೆಯೇ? ಒಳ್ಳೆ ರಬ್ಬರಿನದನ್ನೇ ತಂದೆ.

ಹೊಸದು ಕೂರಿಸಿ, ಜಾಕ್ ಇಳಿಸಿ, ಚೋಕ್ ಎಳೆದು ಕೀ ತಿರುಗಿಸಿದೆ. ಸ್ಟಾರ್ಟರ್ ಮುಲುಗಿತು. ಇನ್ನೊಮ್ಮೆ. ಮತ್ತೊಮ್ಮೆ. ಚೋಕ್ ಗುಂಡಿ ಮುಟ್ಟಿದರೆ ಬಿಸಿ! ಬಾನೆಟ್ಟಿನ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ. ಓಡಿಹೋಗಿ ಬ್ಯಾಟರಿ ತಪ್ಪಿಸಿದೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅದಕ್ಕೇ ಇಂಜಿನ್ನಿನಿಂದ ಕಾರಿನ ಮೈಗೆ ಕರೆಂಟ್ ದಾಟಿಸಲು ಹೆಣೆದ ತಾಮ್ರದ ಒಂದು ಅರ್ತ್ ಪಟ್ಟಿ ಇರುತ್ತದೆ. ಅದು ನನ್ನ ಟೂಲ್ ಬಾಕ್ಸಿನ ಮುಚ್ಚಳದ ಮೇಲೆ, ಕಿಲುಬು ಉಜ್ಜಿಸಿಕೊಂಡು ಮಿರಮಿರ ಮಿಂಚುತ್ತಾ ಮಲಗಿತ್ತು. ಸ್ಟಾರ್ಟರಿನ ಅಷ್ಟೂ ಕರೆಂಟು ಬೇರೆ ದಾರಿ ಕಾಣದೆ ಚೋಕ್ ಕೇಬಲ್ಲಿನಲ್ಲಿ ಹರಿದಿತ್ತು. ಪಟ್ಟಿಯನ್ನು ವಾಪಸ್ ಕಟ್ಟಿದೆ, ಒಂದೇ ಏಟಿಗೆ ಸ್ಟಾರ್ಟ್. ಗೇರ್ ಲಿವರ್ ಸಣ್ಣಗೆ ತಲೆಯಾಡಿಸಿತು, ಅಷ್ಟೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹಳೇ ತುಂಡನ್ನು ವಿಡಿಯೋದಲ್ಲಿ ತೋರಿಸಿದೆ. ನಮ್ಮದು ರಬ್ಬರ್ ತೋಟದ ಮನೆ. ಮುಂಜಾನೆ ಟ್ಯಾಪಿಂಗ್, ಚಿಪ್ಪಿನಲ್ಲಿ ಹಾಲು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿದ್ದು, ರೋಲರಿಗೆ ಕೊಟ್ಟು ಹೊಗೆಗೂಡಿನಲ್ಲಿ ಸಾಲಾಗಿ ತೂಗಿಬಿಟ್ಟ ಜೇನು ಬಣ್ಣದ ಶೀಟುಗಳು. ನಮ್ಮ ಶಾಲೆಯ ಬಟ್ಟೆಯಲ್ಲೂ ಅದೇ ಹುಳಿ ಹೊಗೆ ವಾಸನೆ ಇರುತ್ತಿತ್ತು.

"ಎಷ್ಟು ಕೊಟ್ಟೆ?" ಅಂದರು ಅಪ್ಪ.

"ಜೋಡಿಗೆ 30 ಪೌಂಡ್. ಮೂರು ಸಾವಿರದ ಮೇಲೆ."

"ಎರಡೂ ಸೇರಿ ರಬ್ಬರ್ ಎಷ್ಟಿದೆ ಅದರಲ್ಲಿ?"

"ಅರ್ಧ ಕಿಲೋ ಇದ್ದರೆ ಹೆಚ್ಚು."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕಿಲೋಗೆ ಇನ್ನೂರು ಸಿಕ್ಕಿದ ದಿನ ಪಾಯಸ ಮಾಡಿಸುವ ಮನುಷ್ಯ. ಆಮೇಲೆ ಫೋನನ್ನು ಆಚೆ ಹಿಡಿದು, ಒಳಗಿದ್ದ ಅಮ್ಮನನ್ನು ಕೂಗಿದರು: "ಇವಳೇ, ಇಲ್ಲಿ ಬಾ, ಇವನು ಹೇಳುವುದು ಕೇಳು!"