ಅರ್ಧ ಕ್ವಿಂಟಲ್ ಜೋಳ ಮತ್ತು ನನ್ನ ಸ್ಪೋರ್ಟ್ಸ್ ಕಾರು

ನಮ್ಮ ಮನೆಯಲ್ಲಿ ಒಂದು ಸ್ಪೋರ್ಟ್ಸ್ ಕಾರು ಇದೆ. ಹೀಗೆ ಹೇಳುವವನು ಹುಬ್ಬಳ್ಳಿಯ ಇಡೀ ವಿದ್ಯಾನಗರದಲ್ಲಿ ನಾನೊಬ್ಬನೇ. ನನ್ನ ಹೆಂಡತಿ ಅದಕ್ಕೆ ಡಬ್ಬಿ ಅನ್ನುತ್ತಾಳೆ.

ಅದು 1966ರ ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ ಹುಟ್ಟಿದ್ದು. ಎರಡೇ ಬಾಗಿಲು, 948 ಸಿಸಿ ಎಂಜಿನ್. ಇದನ್ನು ಸ್ಪೋರ್ಟ್ಸ್ ಕಾರು ಅನ್ನಲು ನನ್ನ ಬಳಿ ದಾಖಲೆ ಇದೆ. ಇಂಗ್ಲೆಂಡಿನವರು ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಅಪ್ಪಟ ಸ್ಪೋರ್ಟ್ಸ್ ಕಾರು ಮಾಡಿದರು. ಮುಂದಿನ ಗಾಲಿಗಳ ಸಸ್ಪೆನ್ಷನ್ ಎರಡಕ್ಕೂ ಒಂದೇ ಜಾತಿಯದು. ಅಂದರೆ ನನ್ನ ಕಾರು ಸ್ಪಿಟ್‌ಫೈರ್‌ನ ಸ್ವಂತ ಅಕ್ಕ.

“ತಂಗಿ ಓಟದಾಗ ಗೆದ್ರ ಅಕ್ಕಗ ಕಪ್ ಕೊಡ್ತಾರೇನ್ರೀ?” ಅಂತ ಕೇಳಿದಳು ಮನೆಯವಳು. ಆ ದಿನದಿಂದ ದಾಖಲೆಯನ್ನು ಒಳಗಿಟ್ಟಿದ್ದೇನೆ.

ಕಾರ ಹುಣ್ಣಿಮೆಗೆ ಹಳ್ಳಿಯಲ್ಲಿ ನಮ್ಮ ಅಣ್ಣ ಎತ್ತು ತೊಳೆದರೆ, ಇಲ್ಲಿ ನಾನು ಕಾರು ತೊಳೆಯುತ್ತೇನೆ. ಹಬ್ಬದ ಹೆಸರೇ ಹಾಗಿದೆ, ಅಲ್ವಾ? ಈ ಸಲ ಹಾಗೆ ತೊಳೆಯುವಾಗ ಮುಂದಿನ ಟೈರಿನ ಮೇಲೆ ಕೈ ಆಡಿಸಿದೆ. ಹೊರಗಿನಿಂದ ಒಳಗೆ ಸವರಿದರೆ ಬೆಕ್ಕಿನ ಬೆನ್ನು. ಒಳಗಿನಿಂದ ಹೊರಗೆ ಸವರಿದರೆ ಕೊಬ್ಬರಿ ತುರಿಯುವ ಮಣೆ. ಅಲೈನ್‌ಮೆಂಟ್, ಅಂದರೆ ಗಾಲಿಗಳು ಮುಖ ಮಾಡಿ ನಿಲ್ಲುವ ದಿಕ್ಕು, ಕೆಟ್ಟಿದೆ ಎಂದು ಗೊತ್ತಾಗಲು ಇದಕ್ಕಿಂತ ಸಾಕ್ಷಿ ಬೇಡ.

ಸಾಕ್ಷಿ ಇನ್ನೊಂದೂ ಇತ್ತು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಬಲಕ್ಕೆ ಎಳೆದಿದ್ದರೆ ರೋಡಿನ ನಡುವಿನ ಚಿಗರಿ ಬಸ್ಸಿನ ದಾರಿಯ ಕಂಬಿಗೆ ಹೋಗಿ ಬಡಿಯುತ್ತಿದ್ದೆ. ಎಡಕ್ಕೆ ಎಳೆದರೆ ಗಿರ್ಮಿಟ್, ಮಿರ್ಚಿ ಭಜಿ ಅಂಗಡಿಗಳು. ಹೀಗಾಗಿ ಸುಮಾರು ದಿನ ರಿಪೇರಿಗೆ ನಾನೂ ಅವಸರ ಮಾಡಲಿಲ್ಲ. “ಗಾಡಿ ಎಳಿಯೂದಿಲ್ಲ, ನೀವ ಎಳೀತೀರಿ” ಎಂದು ಮನೆಯವಳು ಅಂದ ಮೇಲೆ ಮಾನದ ಪ್ರಶ್ನೆ ಬಂತು.

ವಿಷಯ ಬಹಳ ಸರಳ. ಎರಡೂ ಪಾದ ಜೋಡಿಸಿ ನಿಂತು ನೋಡಿ. ಹೆಬ್ಬೆರಳುಗಳು ಒಳಮುಖ ಆದರೆ ಟೋ-ಇನ್, ಹೊರಮುಖ ಆದರೆ ಟೋ-ಔಟ್. ಹೆರಾಲ್ಡಿನಲ್ಲಿ ಎಂಜಿನ್ ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಮುಂದಿನವು ಸುಮ್ನೆ ದೂಡಿಸಿಕೊಂಡು ಹೋಗುವಾಗ ಸ್ವಲ್ಪ ಹೊರಕ್ಕೆ ಸಿಡಿಯುತ್ತವೆ. ಅದಕ್ಕೇ ನಿಂತಾಗ ಒಂದೆರಡು ಮಿಲಿಮೀಟರ್ ಒಳಮುಖ ಇಟ್ಟಿರಬೇಕು. ಎರಡೇ ಎರಡು ಮಿಲಿಮೀಟರ್! ಇದಕ್ಕೆ ಮೆಕ್ಯಾನಿಕ್ ಯಾಕೆ ಬೇಕು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಕಂಪೌಂಡಿನಲ್ಲಿ ಕೆಲಸ ಶುರು. ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಕಾರಿನ ಎರಡೂ ಬದಿಗೆ ಉದ್ದಕ್ಕೆ ಹೂ ಕಟ್ಟುವ ದಾರ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ಅಳೆಯುವುದು. ರೇಸಿನವರೂ ಹೀಗೇ ಮಾಡುತ್ತಾರೆ. ಆದರೆ ರೇಸಿನವರ ಮನೆಯಲ್ಲಿ ಮನೆಯವಳ ಹೊಲಿಗೆ ಡಬ್ಬಿಯ ಟೇಪು ಇರುವುದಿಲ್ಲ. ಅದನ್ನು ಎಳೆದಷ್ಟೂ ಕಾರು ಸಣ್ಣದಾಗುತ್ತಿತ್ತು. ಪಕ್ಕದ ಮನೆಯ ಹುಡುಗ ಚೆಂಡು ಹುಡುಕಿಕೊಂಡು ಬಂದು ದಾರ ಎಡವಿದ. ಕುರ್ಚಿ ಜರುಗಿತು. ಎಲ್ಲಿಂದ ಜರುಗಿತು ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನು ಮಾತ್ರ ಚೆಂಡು ಸಿಕ್ಕ ಖುಷಿಯಲ್ಲಿ ಹೋದ.

ಸ್ಟೀರಿಂಗಿಗೂ ಗಾಲಿಗೂ ನಡುವಿನ ಸರಳಿನ, ಅಂದರೆ ಟೈ ರಾಡಿನ, ಲಾಕ್ ನಟ್ ಸಡಿಲು ಮಾಡಿ ತಿರುವಿದೆ. ಬಲಗಡೆಯದು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಹೋಗಲಿ ಅಂತ ಅದರ ಪಾಲನ್ನೂ ಎಡಗಡೆಯದಕ್ಕೇ ತಿರುವಿದೆ. ಎರಡನ್ನೂ ಸಮ ಸಮ ತಿರುವಬೇಕು ಎನ್ನುವುದು ಸಂಜೆ ಗಾಡಿ ಹೊರಗೆ ತೆಗೆದಾಗ ಗೊತ್ತಾಯಿತು. ಈಗ ಕಾರು ನೇರ ಹೋಗಬೇಕಾದರೆ ಸ್ಟೀರಿಂಗ್ ಸೊಟ್ಟ ಹಿಡಿಯಬೇಕು. ಅದನ್ನು ನೇರ ಹಿಡಿದರೆ ಗಾಡಿ ಮೊದಲಿಗಿಂತ ಜಾಸ್ತಿ ಉತ್ಸಾಹದಿಂದ ಗಿರ್ಮಿಟ್ ಅಂಗಡಿಗೆ ಹೋಗುತ್ತದೆ.

ಕಂಪ್ಯೂಟರ್ ಅಲೈನ್‌ಮೆಂಟ್ ಇರುವ ಒಂದು ಅಂಗಡಿಗೆ ಹೋದೆ. ಹುಡುಗ ಬಹಳ ಮರ್ಯಾದಸ್ಥ. ನಾಲ್ಕೂ ಗಾಲಿಗೆ ಹಲಗೆ ಸಿಕ್ಕಿಸಿ, “ಯಾವ ಮಾಡೆಲ್ ರೀ ಸರ್?” ಅಂದ.

“ಹೆರಾಲ್ಡ್.”

ಪರದೆಯ ಮೇಲೆ ಹುಡುಕಿದ. ಜಪಾನ್ ಬಂತು, ಕೊರಿಯಾ ಬಂತು, ಹೆರಾಲ್ಡ್ ಬರಲಿಲ್ಲ. “ಲಿಸ್ಟಿನಾಗ ಇಲ್ರಿ ಸರ್. ಸೈಜಿಗೆ ಹೊಂದೂವಂಥ ಬ್ಯಾರೆ ಗಾಡಿ ಹಾಕ್ಲೇನ್ರಿ?” ಅಂದ. ಬಟ್ಟೆ ಅಂಗಡಿಯಲ್ಲಿ ಬೇರೆಯವರ ಅಳತೆಯ ಪ್ಯಾಂಟು ಕೊಟ್ಟ ಹಾಗೆ. ನಾನೂ ತಲೆ ಆಡಿಸಿದೆ, ತಪ್ಪು ನನ್ನದೂ ಇದೆ. ಕೆಂಪು ಅಂಕಿಗಳು ಒಂದೊಂದಾಗಿ ಹಸಿರಾದವು. ಹೊರಗೆ ಬಂದರೆ ಸ್ಟೀರಿಂಗೇನೋ ನೇರ ಇತ್ತು, ಗಾಡಿ ಮಾತ್ರ ಎಡಕ್ಕೇ. ತಿರುಗಿ ಹೋಗಿ ಹೇಳಿದರೆ, “ಎಲ್ಲಾ ಹಸಿರು ಬಂದೈತಲ್ರಿ ಸರ್” ಅಂದ. ಅದೂ ಖರೆ.

ಕೊನೆಗೆ ಹಳೇ ಹುಬ್ಬಳ್ಳಿಯ ಒಬ್ಬ ವಯಸ್ಸಾದ ಮಿಸ್ತ್ರಿಯ ಹತ್ತಿರ ಹೋದೆ. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತದೆ. ಆತ ಅದನ್ನು ಎತ್ತಿ, ಮುಂದಿನ ಟೈರಿನ ಮೇಲೆ ಕಟ್ಟೆಯ ಮೇಲೆ ಕೂತ ಹಾಗೆ ಕೂತ. ಪಾನೆ ಮುಟ್ಟಲಿಲ್ಲ. “ಹವಾ ಚೆಕ್ ಮಾಡ್ಸೀರೇನ್ರಿ?” ಅಂದ.

ಗೇಜು ಹಚ್ಚಿದರೆ ಬಲಕ್ಕೆ 21, ಎಡಕ್ಕೆ 14. ಹವಾ ಕಡಿಮೆ ಇದ್ದ ಕಡೆ ಗಾಡಿ ಎಳೆಯುತ್ತದೆ ಅಂತ ಸೈಕಲ್ ಅಂಗಡಿಯ ಹುಡುಗನಿಗೂ ಗೊತ್ತು. ನಾನು ಮೂರು ವಾರದಿಂದ ದಾರ ಕಟ್ಟುತ್ತಿದ್ದೆ.

“ಇದಕ್ಕ ಏನ್ ಹಾಕೀರಿ?” ಗಾಲಿಯ ಹಿಂದೆ, ಗಾಲಿ ಹೊತ್ತ ಕಂಬದ ಬುಡ ಕೂರುವ ಟ್ರನಿಯನ್ ಮೇಲೆ ಬೆರಳಿಟ್ಟು ಕೇಳಿದ.

“ಗ್ರೀಸ್. ಒಳ್ಳೇ ಕಂಪನಿದು” ಅಂದೆ, ಹೆಮ್ಮೆಯಿಂದ.

ಜೋಳದ ರೊಟ್ಟಿಗೆ ಜಾಮ್ ಹಚ್ಚಿಕೊಂಡು ತಿನ್ನುವವನನ್ನು ನೋಡುವ ಹಾಗೆ ನೋಡಿದ. ಅದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕಂತೆ. ಸ್ಟೀರಿಂಗ್ ತಿರುವಿದಾಗಲೆಲ್ಲ ಗಾಲಿ ಹೊತ್ತ ಕಂಬ ಅದರೊಳಗಿನ ಮರೆಯಲ್ಲಿ, ಅಂದರೆ ಸ್ಕ್ರೂವಿನಂಥ ಗೆರೆಗಳಲ್ಲಿ, ತಿರುಗುತ್ತದೆ. ಗ್ರೀಸ್ ಕೆಳಗಿನತನಕ ಇಳಿಯುವುದಿಲ್ಲ. ಒಳಗೆ ಒಣಗಿ, ತುಕ್ಕು ಹಿಡಿದು, ಒಂದು ದಿನ ಕಂಬವೇ ಮುರಿಯುತ್ತದೆ. “ಆಮ್ಯಾಲೆ ಎತ್ತು ಮೊಣಕಾಲೂರಿ ಕುಂತಂಗ ಕುಂದರ್ತೈತ್ರಿ ಗಾಡಿ” ಅಂದ. ನನಗೆ ಟೋ, ಕ್ಯಾಂಬರ್ ಅನ್ನುವ ಗಾಲಿಯ ವಾಲು, ಎಲ್ಲ ಮರೆತು ಹೋಯಿತು.

ಎಲ್ಲ ಬಿಚ್ಚಿ ತೊಳೆದು ಆಯಿಲ್ ಹಾಕಿದ. ಗಾಲಿಯನ್ನು ಚಾಸಿಗೆ ಹಿಡಿದಿಡುವ ಕೆಳಗಿನ ತೋಳಿನ ರಬ್ಬರ್ ಬುಷ್ ಬದಲಿಸಿದ. ಚಾಸಿಗೂ ತೋಳಿಗೂ ನಡುವೆ ಒಂದು ತೆಳ್ಳಗಿನ ತಗಡು ಸೇರಿಸಿ ಗಾಲಿಯ ವಾಲು ಸರಿ ಮಾಡಿದ. ಟೋ ಅಳೆಯಲು ಆತನ ಬಳಿ ಇದ್ದದ್ದು ಒಂದರೊಳಗೊಂದು ಸರಿಯುವ ಎರಡು ಪೈಪು, ಒಂದು ಸೀಮೆಸುಣ್ಣ. ರಿಮ್ಮಿನ ಮುಂದೆ ಗುರುತು ಹಾಕಿ ಅಳೆದು, ಗಾಲಿ ಅರ್ಧ ಸುತ್ತು ಉರುಳುವಷ್ಟು ಗಾಡಿ ದೂಡಿ, ಅದೇ ಗುರುತು ಹಿಂದೆ ಬಂದಾಗ ಮತ್ತೆ ಅಳೆದ. ರಿಮ್ಮು ಸೊಟ್ಟ ಇದ್ದರೂ ಲೆಕ್ಕ ತಪ್ಪುವುದಿಲ್ಲವಂತೆ. ಹೂವಿನ ದಾರದ ವಿಷಯ ನಾನು ಎತ್ತಲಿಲ್ಲ.

“ದಿನಾ ಗಾಡ್ಯಾಗ ಯಾರ್ ಕುಂದರ್ತೀರಿ? ಲೋಡ್ ಇಟ್ಟು ಅಳೀಬೇಕ್ರಿ.”

“ನಾನು, ಮನೆಯವಳು.”

“ಅಕ್ಕಾರು ಎಷ್ಟ್ ಕೆಜಿ ಅದಾರ್ರಿ?”

ಮನೆಯವಳು ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರ ಇದ್ದಳು. ಆದರೂ ಒಮ್ಮೆ ಹಿಂದೆ ತಿರುಗಿ ನೋಡಿದೆ. “ಐವತ್ತು” ಅಂದೆ.

ಪಕ್ಕದ ಕಿರಾಣಿ ಅಂಗಡಿಯಿಂದ ಅರ್ಧ ಕ್ವಿಂಟಲ್ ಜೋಳದ ಚೀಲ ಬಂತು, ಎಡಗಡೆ ಸೀಟಿನಲ್ಲಿ ಕೂತಿತು. ಬಲಗಡೆ ನಾನು. “ಅಳ್ಳಾಡಬ್ಯಾಡ್ರಿ” ಅಂತ ಮಿಸ್ತ್ರಿ ನನಗೆ ನಾಲ್ಕು ಸಲ ಹೇಳಿದ. ಜೋಳಕ್ಕೆ ಒಂದು ಸಲವೂ ಹೇಳಬೇಕಾಗಲಿಲ್ಲ.

ಚೀಲ ಹೇರಿಕೊಂಡೇ ಟ್ರಯಲ್‌ಗೆ ಉಣಕಲ್ ಕೆರೆ ದಾಟಿ ನವನಗರದ ತನಕ ಹೋದೆ. ಖಾಲಿ ರೋಡು ಸಿಕ್ಕಲ್ಲಿ ಸ್ಟೀರಿಂಗ್ ಮೇಲಿನ ಹಿಡಿತ ಎರಡು ಸೆಕೆಂಡ್ ಸಡಿಲು ಬಿಟ್ಟೆ. ನೂಲು ಹಿಡಿದಂತೆ ನೇರ! ಅಷ್ಟು ನೆಮ್ಮದಿಯ ಪ್ರಯಾಣ ಆ ಕಾರಿನಲ್ಲಿ ನಾನು ಮಾಡಿಯೇ ಇರಲಿಲ್ಲ. ಗಿಯರ್ ಬದಲಿಸಿದಾಗ, ಬ್ರೇಕ್ ಹಾಕಿದಾಗ, ಪಕ್ಕದಿಂದ ಒಂದು ಮಾತಿಲ್ಲ.

ಮರುದಿನ ಮನೆಯವಳನ್ನು ಕೂರಿಸಿಕೊಂಡು ಧಾರವಾಡಕ್ಕೆ ಹೊರಟೆ. ಭೈರಿದೇವರಕೊಪ್ಪ ದಾಟುತ್ತಿದ್ದಂತೆ ಗಾಡಿ ಮೆಲ್ಲಗೆ, ಬಹಳ ಮೆಲ್ಲಗೆ, ಎಡಕ್ಕೆ ಸರಿಯಿತು.

“ರಿಪೇರಿ ಆತು ಅಂದ್ರಿ? ಮತ್ತ ಯಾಕ ಎಡಕ್ಕ ಹೊಂಟೈತಿ?”

“ಮಳೆ ನೀರು ಹರಿದು ಹೋಗಲಿ ಅಂತ ರೋಡನ್ನು ಅಂಚಿಗೆ ಸ್ವಲ್ಪ ಇಳಿಜಾರು ಮಾಡಿರ್ತಾರೆ” ಅಂದೆ. ಇದು ಸುಳ್ಳಲ್ಲ, ಬೇಕಾದರೆ ಯಾವ ಎಂಜಿನಿಯರ್‌ನನ್ನಾದರೂ ಕೇಳಿ. ಅದೇ ರೋಡಿನಲ್ಲಿ ನಿನ್ನೆ ಜೋಳ ನೇರವಾಗಿ ಹೋಗಿತ್ತು ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಸೀಟಿನ ಸಂದಿಯಲ್ಲಿ ಬೆರಳು ಆಡಿಸಿ, ಏನನ್ನೋ ಹೆಕ್ಕಿ ಅಂಗೈ ಮೇಲೆ ಇಟ್ಟುಕೊಂಡಳು.

“ಇದೇನ್ರೀ, ಇಲ್ಲಿ ಜ್ವಾಳ?”

ಎಡಗಡೆ ಒಂದು ಗಿರ್ಮಿಟ್ ಅಂಗಡಿ ಕಾಣಿಸಿತು. ಈ ಸಲ ಗಾಡಿಯನ್ನು ನಾನೇ ಎಳೆದೆ.