ಜೋಳದ ಹಿಟ್ಟಿಗೆ ಜಿಗಿ ಬರುವುದು ಹೇಗೆ?

ಮಕ್ಕಳಿಗೆ ಅಡುಗೆಮನೆಯ ರಸಾಯನಶಾಸ್ತ್ರ ತೋರಿಸುವುದೆಂದರೆ ಬಾಟಲಿಯಲ್ಲಿ ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ‘ಜ್ವಾಲಾಮುಖಿ’ ಉಕ್ಕಿಸುವುದು ಎಂಬಂತಾಗಿದೆ. ನೊರೆ ಉಕ್ಕುತ್ತದೆ, ಚಪ್ಪಾಳೆ ಬೀಳುತ್ತದೆ, ವಿಡಿಯೋ ಆಗುತ್ತದೆ. ಆ ಗುಳ್ಳೆಗಳಲ್ಲಿರುವುದು ಇಂಗಾಲದ ಡೈಆಕ್ಸೈಡ್ ಎಂಬಲ್ಲಿಗೆ ಮಾತು ಹೋಗುವುದೇ ಇಲ್ಲ. ವಿನೆಗರ್ ಕೊಳ್ಳುವ ಅಗತ್ಯವೂ ಇಲ್ಲ, ವಿಜಯಪುರದ ನಮಗೆ ನಮ್ಮದೇ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆಹಣ್ಣೇ ಸಾಕು.

ನನ್ನ ಮಟ್ಟಿಗೆ ನಮ್ಮ ಕಡೆಯ ಅತ್ಯುತ್ತಮ ಪ್ರಯೋಗ ಜೋಳದ ರೊಟ್ಟಿ. “ಎಸರು ಕುದೀಲಿಲ್ಲಂದ್ರ ಹಿಟ್ಟಿಗೆ ಜಿಗಿ ಬರೂದಿಲ್ಲ” ಎಂದು ಆಯಿ ಹೇಳಿದ್ದನ್ನು ಪರೀಕ್ಷಿಸಲೆಂದು ಮಗಳು ಎರಡು ತಾಟುಗಳಲ್ಲಿ ಸಮನಾಗಿ ಹಿಟ್ಟು ಹಾಕಿ, ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ನನ್ನ ಕೈಯಿಂದ ಕುದಿನೀರು ಹಾಕಿಸಿ, ಆರಿದ ಮೇಲೆ ನಾದಿದಳು. ತಣ್ಣೀರಿನ ಉಂಡೆ ಎರಡು ಸಲ ತಟ್ಟುವಷ್ಟರಲ್ಲಿ ಅಂಚಿನಲ್ಲೆಲ್ಲ ಸೀಳಿತು. ಕುದಿನೀರಿನದು ತಾಟಿನಗಲ ಹರಡಿತು. ನೀರಿನ ಬಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಹಿಟ್ಟಿನೊಳಗಿನ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಆಯಿ ಜಿಗಿ ಎನ್ನುವುದು ಇದನ್ನೇ. ಹಾಗಾದರೆ ಚಪಾತಿ ಹಿಟ್ಟಿಗೆ ತಣ್ಣೀರು ಹೇಗೆ ಸಾಲುತ್ತದೆ ಎಂದು ಅವಳು ಕೇಳಿದಾಗ, ಉತ್ತರ ಹೇಳುವ ಬದಲು ಗೋದಿ ಹಿಟ್ಟಿನ ಉಂಡೆಯೊಂದನ್ನು ನೀರಿನ ಬೋಗುಣಿಯಲ್ಲಿ ಹಿಚುಕಿ ತೊಳೆಯಲು ಕೊಟ್ಟೆ. ಪಿಷ್ಟವೆಲ್ಲ ಹಾಲಿನಂತೆ ಇಳಿದುಹೋಗಿ, ಎಳೆದರೆ ರಬ್ಬರಿನಂತೆ ಹಿಗ್ಗುವ, ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಪ್ರೋಟೀನು ಅವಳ ಅಂಗೈಯಲ್ಲಿ ಉಳಿಯಿತು. ಜೋಳದಲ್ಲಿ ಆ ಗ್ಲುಟೆನ್ ಇಲ್ಲ. ತಣ್ಣೀರಿನ ಉಂಡೆಯನ್ನು ಹಾಗೆಯೇ ತೊಳೆದಾಗ ಕೈಗೆ ಏನೂ ಸಿಗಲಿಲ್ಲ.

ಅರಿಶಿಣದ ಪಾಠ ಮಾತ್ರ ನನ್ನ ಪೆದ್ದುತನದಿಂದ ಆಯಿತು. ಶಾಲೆಯ ಬಿಳಿ ಅಂಗಿಗೆ ತಾಗಿದ ಪಲ್ಯದ ಕಲೆಗೆ ಸೋಪು ತಿಕ್ಕಿದ್ದೇ ತಡ, ಅದು ಕೆಂಪಾಯಿತು. ಅರಿಶಿಣದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣ ಸೋಪು, ಸುಣ್ಣದಂಥ ಕ್ಷಾರದಲ್ಲಿ ಕೆಂಪಾಗುತ್ತದೆ, ಹುಳಿ ತಾಗಿದರೆ ಮರಳಿ ಹಳದಿಯಾಗುತ್ತದೆ. ಅರಿಶಿಣಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವ ಗುಟ್ಟೂ ಇದೇ. ಅಂಗಿಯನ್ನು ಬಿಸಿಲಿಗೆ ಹರವಿದಾಗ ಕಲೆ ತಾನೇ ಮಾಸಿತು. ಆದರೆ ಈ ಪ್ರಯೋಗಕ್ಕೆ ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಸಿಡಿದರೆ ಅಪಾಯ; ಸೋಪಿನ ನೀರೇ ಸಾಕು.

ಇಷ್ಟಾದ ಮೇಲೆ ಮಗಳು ಸಜ್ಜೆ ಹಿಟ್ಟಿನ ಡಬ್ಬಿಯ ಮೇಲೆ ಕಣ್ಣಿಟ್ಟಿದ್ದಾಳೆ. ಒಂದು ಸೇರಿಗಿಂತ ಹೆಚ್ಚು ಹಾಳು ಮಾಡಕೂಡದೆಂದು ಆಯಿ ಈಗಲೇ ತಾಕೀತು ಮಾಡಿದ್ದಾರೆ.