ಸಾಕಿದವರ ಮನೆಯಲ್ಲಿದೆ, ತನ್ನ ಊರಲ್ಲಿಲ್ಲ

ನನ್ನ ಮಗಳಿಗೆ ಆಕ್ಸೊಲಾಟಲ್ ಅಂದರೆ ಪ್ರಾಣ. ಮೈನ್‌ಕ್ರಾಫ್ಟ್ ಆಟದಲ್ಲಿ ನೋಡಿದ್ದು, ಈಗ ಸ್ಕೂಲ್ ಬ್ಯಾಗಿಗೂ ಅದರದ್ದೇ ಗೊಂಬೆ. ಮೊನ್ನೆ ಕೇಳಿದಳು: "ಅಪ್ಪಾ, ಎಲ್ಲಾ ದೇಶದಲ್ಲೂ ಇದನ್ನ ಸಾಕ್ತಾರಂತೆ. ಮತ್ತೆ ಅಳಿದು ಹೋಗ್ತಿದೆ ಅಂತ ಯಾಕೆ ಹೇಳ್ತಾರೆ?"

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆಕ್ಸೊಲಾಟಲ್ ಒಂದು ಸಾಲಮಾಂಡರ್. ನೋಡಲು ಹಲ್ಲಿಯ ಹಾಗಿದ್ದರೂ ಕಪ್ಪೆಯ ನೆಂಟ, ಉಭಯವಾಸಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಕಪ್ಪೆಗಳು ಬೇಕಾದಷ್ಟಿವೆ, ಸಾಲಮಾಂಡರ್ ಒಂದೂ ಇಲ್ಲ. ಇದು ದೊಡ್ಡದಾದ ಮೇಲೂ ಕಿವಿರು ಉಳಿಸಿಕೊಂಡು ನೀರಲ್ಲೇ ಬಾಳುತ್ತದೆ. ಕಾಡುಸ್ಥಿತಿಯಲ್ಲಿ ಅದಕ್ಕೆ ಈಗ ಉಳಿದಿರುವ ಊರು ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು. 1998ರ ಎಣಿಕೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು. 2014ರಲ್ಲಿ 36. ನಗರದ ಕೊಳಚೆ ಒಂದು ಕಡೆ. ಇನ್ನೊಂದು ಕಡೆ ಜನರ ಊಟಕ್ಕೆಂದು ತಂದು ಬಿಟ್ಟ ಕಾರ್ಪ್, ತಿಲಾಪಿಯ ಮೀನುಗಳು. ಇದರ ಮೊಟ್ಟೆ, ಮರಿಗಳೇ ಅವಕ್ಕೆ ಊಟವಾದವು.

ಇದರ ಜೊತೆ ನನಗೆ ಫ್ರಾಂಕ್ಲಿನಿಯ ನೆನಪಾಗುತ್ತದೆ. ನಾವು ದಿನಾ ಕುಡಿಯುವ ಚಹಾದ ಕುಟುಂಬಕ್ಕೆ ಸೇರಿದ ಸಣ್ಣ ಮರ. ಬಿಳಿ ಹೂವು, ನಡುವೆ ಹಳದಿ ಕೇಸರ. 1765ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಬಾರ್ಟ್ರಮ್ ಮತ್ತು ಮಗ ವಿಲಿಯಂ ಅಮೆರಿಕದ ಜಾರ್ಜಿಯಾದಲ್ಲಿ, ಅಲ್ಟಮಹಾ ನದಿಯ ಹತ್ತಿರ ಅದನ್ನು ಕಂಡರು. ವಿಲಿಯಂ ಆಮೇಲೆ ಬೀಜ ತಂದು ಫಿಲಡೆಲ್ಫಿಯಾದ ತೋಟದಲ್ಲಿ ಬೆಳೆಸಿದ. 1803ರ ನಂತರ ಅದು ಕಾಡಿನಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಇವತ್ತು ಎಲ್ಲೇ ಫ್ರಾಂಕ್ಲಿನಿಯ ಇದ್ದರೂ ಅದು ತೋಟದ ಸಂತಾನ.

ಒಂದು ಪ್ರಾಣಿ, ಒಂದು ಗಿಡ. ಇವೆರಡರ ಮೂಲ ಹುಡುಕಲು ನೂರು ಕೋಟಿ ವರ್ಷಕ್ಕೂ ಹಿಂದೆ ಹೋಗಬೇಕು. ಆದರೆ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಕ್ಕಪಕ್ಕದ ಮೆಟ್ಟಿಲಲ್ಲಿ ನಿಂತಿವೆ. ಆಕ್ಸೊಲಾಟಲ್ 'ತೀವ್ರ ಅಪಾಯದಲ್ಲಿದೆ', ಫ್ರಾಂಕ್ಲಿನಿಯ 'ಕಾಡಿನಲ್ಲಿ ಅಳಿದಿದೆ'. ನಡುವೆ ಒಂದೇ ಹೆಜ್ಜೆ! ವಂಶದ ಲೆಕ್ಕವೂ ಮುಖ್ಯ. ಆಕ್ಸೊಲಾಟಲ್‌ಗೆ ಅದೇ ಕುಲದಲ್ಲಿ (ಕುಟುಂಬದೊಳಗಿನ ಹತ್ತಿರದ ನೆಂಟರ ಗುಂಪಿನಲ್ಲಿ) 30ಕ್ಕೂ ಜಾಸ್ತಿ ದಾಯಾದಿಗಳಿದ್ದಾರೆ. ಫ್ರಾಂಕ್ಲಿನಿಯ ತನ್ನ ಕುಲಕ್ಕೆ ಒಂದೇ ಕುಡಿ. ಆ ತೋಟಗಳೂ ಇಲ್ಲದಿದ್ದರೆ ಕುಲವೇ ನಿರ್ನಾಮ.

ಹಾಗಾಗಿ ಸಾಕುವವರನ್ನು ನಾನು ದೂರುವುದಿಲ್ಲ. ಆದರೆ ತೊಟ್ಟಿ ತುಂಬಾ ಮರಿಗಳಿವೆ ಎಂದು ಕಾಲುವೆಯನ್ನು ಮರೆಯುವುದು ತಪ್ಪು, ಅಲ್ವಾ? ಸೊಚಿಮಿಲ್ಕೊದ ರೈತರು ಮರೆತಿಲ್ಲ. ವಿಜ್ಞಾನಿಗಳ ಜೊತೆ ಸೇರಿ, ಹೊಲಗಳ ನಡುವಿನ ಕಾಲುವೆಗೆ ಸೋಸುವ ತಡೆ ಕಟ್ಟಿ, ಪರದೇಶದ ಮೀನು ಒಳಗೆ ಬಾರದ ಹಾಗೆ ಕಾಯುತ್ತಿದ್ದಾರೆ. ಅಂಥ ಒಂದು ಕಾಲುವೆಗೂ ಅದೇ ನಗರದ ಇನ್ನೊಂದು ಕೊಳಕ್ಕೂ ಸಾಕಿ ಬೆಳೆಸಿದ 18 ಆಕ್ಸೊಲಾಟಲ್‌ಗಳನ್ನು ಬಿಟ್ಟು ನೋಡಿದರು. ಮತ್ತೆ ಸಿಕ್ಕವುಗಳನ್ನು ತೂಗಿದಾಗ ಮೊದಲಿಗಿಂತ ದಪ್ಪಗಿದ್ದವು. ತಾವೇ ಬೇಟೆಯಾಡಿ ತಿಂದಿದ್ದವು. ಇದನ್ನು ಹೇಳಿದಾಗ ಮಗಳ ಮುಖ ನೋಡಬೇಕಿತ್ತು.